ಕೊಡಚಾದ್ರಿಯಲ್ಲಿ ಸೂರ್ಯಾಸ್ತ ನೋಡಿ ಕತ್ತಲಲ್ಲಿ ಇಳಿಯಬಹುದಾ?

ಪ್ರಶ್ನೆ: ಸರ್, ನಮಸ್ಕಾರ. ನಾವು ಮೈಸೂರಿನವರು. ಡಿಸೆಂಬರ್ ಕೊನೆಯ ವಾರ ಮಗಳ ರಜೆಯಲ್ಲಿ ಕೊಲ್ಲೂರಿಗೆ ಹೋಗುವವರಿದ್ದೇವೆ. ನಾನು, ನಮ್ಮವರು, 12 ವರ್ಷದ ಮಗಳು, 63 ವರ್ಷದ ನಮ್ಮ ಮಾವ, ಜೊತೆಗೆ ನನ್ನ ತಮ್ಮ ಮತ್ತು ಅವನ ಆಫೀಸಿನ ಇಬ್ಬರು ಸ್ನೇಹಿತರು. ಬೆಳಿಗ್ಗೆ ದರ್ಶನ ಮಾಡಿ, ಊಟ ಮುಗಿಸಿ, ನಾಗೋಡಿ ಕಡೆಯಿಂದ ಮಧ್ಯಾಹ್ನ ಒಂದು ಗಂಟೆಗೆ ನಡೆಯಲು ಶುರುಮಾಡಿ, ಕೊಡಚಾದ್ರಿಯ ತುದಿಯಲ್ಲಿ ಸೂರ್ಯಾಸ್ತ ನೋಡಿ, ಅದೇ ದಾರಿಯಲ್ಲಿ ಇಳಿಯೋದು ಅಂತ ತಮ್ಮನ ಪ್ಲಾನ್. ಹತ್ತಲು ನಾಲ್ಕು ಗಂಟೆ ಬೇಕಂತೆ, ಇಳಿಯಲು ಅದರ ಅರ್ಧ ಸಾಕಂತೆ. ‘ಸೂರ್ಯ ಮುಳುಗಿದ ಮೇಲೂ ಒಂದು ಗಂಟೆ ಬೆಳಕಿರುತ್ತೆ, ಬೆಟ್ಟದ ಮೇಲಂತೂ ಸೂರ್ಯ ಇನ್ನೂ ತಡವಾಗಿ ಮುಳುಗ್ತಾನೆ, ಆಮೇಲೆ ಮೊಬೈಲ್ ಟಾರ್ಚ್ ಇದೆಯಲ್ಲ’ ಅನ್ನುತ್ತಾನೆ. ಕೈ ಚಾಚಿ ಬೆರಳು ಎಣಿಸಿದರೆ ಸೂರ್ಯ ಮುಳುಗಲು ಎಷ್ಟು ಹೊತ್ತಿದೆ ಅಂತ ಗೊತ್ತಾಗುತ್ತಂತೆ. ಮಾವ ದಿನಾ ಬೆಳಿಗ್ಗೆ ಐದು ಕಿಲೋಮೀಟರ್ ವಾಕಿಂಗ್ ಮಾಡುತ್ತಾರೆ, ಬಿಪಿ ಮತ್ತು ಶುಗರ್‌ಗೆ ಮಾತ್ರೆ ತಗೊಳ್ಳುತ್ತಾರೆ. ನಾನು ಬೇಡ ಅಂದರೆ ಎಲ್ಲರೂ ನನ್ನನ್ನು ಪುಕ್ಕಲಿ ಅಂತ ನಗುತ್ತಾರೆ. ಈ ಪ್ಲಾನ್ ಸರಿಯಾ? ಎಷ್ಟು ಗಂಟೆಗೆ ಹೊರಟರೆ ಸರಿಹೋಗುತ್ತೆ? ಇದಲ್ಲ ಅಂದರೆ ಬೇರೆ ಏನು ಮಾಡಬಹುದು?

ಉತ್ತರ: ನಿಮ್ಮ ಭಯಕ್ಕೆ ಆಧಾರವಿದೆ. ತಮ್ಮನ ಆಸೆಯಲ್ಲೂ ತಪ್ಪೇನಿಲ್ಲ. 1343 ಮೀಟರ್ ಎತ್ತರದ ಆ ತುದಿಯಲ್ಲಿ ನಿಂತು ಅರಬ್ಬಿ ಸಮುದ್ರದ ಕಡೆ ಸೂರ್ಯ ಇಳಿಯುವುದನ್ನು ನೋಡಬೇಕು ಅಂತ ಯಾರಿಗೆ ಅನ್ನಿಸಲ್ಲ? ಆದರೆ ಅವನ ಲೆಕ್ಕದಲ್ಲಿರುವ ಪ್ರತಿಯೊಂದು ಅಂಕಿಯೂ ಒಂದಿಷ್ಟು ಉದಾರವಾಗಿದೆ. ಒಂದೊಂದಾಗಿ ನೋಡಿದರೆ ದೊಡ್ಡ ತಪ್ಪು ಅನ್ನಿಸುವುದಿಲ್ಲ. ಎಲ್ಲ ಸೇರಿದಾಗ ಮಗು ಮತ್ತು ಮಾವನವರನ್ನು ಕರೆದುಕೊಂಡು ರಾತ್ರಿ ಹನ್ನೊಂದು ಗಂಟೆಗೆ ಕಾಡಿನಲ್ಲಿರುತ್ತೀರಿ.

ಜನರನ್ನು ಬೆಟ್ಟಕ್ಕೆ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ಸೂರ್ಯೋದಯದ ಚಾರಣಕ್ಕೂ ಸೂರ್ಯಾಸ್ತದ ಚಾರಣಕ್ಕೂ ನಾನು ಬೇರೆ ಬೇರೆ ಲೆಕ್ಕ ಹಾಕುತ್ತೇನೆ. ಸೂರ್ಯೋದಯಕ್ಕೆ ಹೋದಾಗ ನಿಮ್ಮ ಕಾಲಿನಲ್ಲಿ ಶಕ್ತಿ ಇರುತ್ತೆ, ಮತ್ತು ಪ್ರತಿ ನಿಮಿಷಕ್ಕೂ ಬೆಳಕು ಹೆಚ್ಚಾಗುತ್ತಾ ಹೋಗುತ್ತೆ. ಏನಾದರೂ ಎಡವಟ್ಟಾದರೆ ಸುಮ್ನೆ ಒಂದು ಕಡೆ ಕೂತರೂ ಬೆಳಗಾಗುತ್ತೆ. ಸೂರ್ಯಾಸ್ತದಲ್ಲಿ ಎಲ್ಲ ಉಲ್ಟಾ. ಶಕ್ತಿ ಖರ್ಚಾಗಿರುತ್ತೆ, ನೀರು ಮುಗಿದಿರುತ್ತೆ, ಬೆಳಕು ಕಡಿಮೆಯಾಗುತ್ತಾ ಹೋಗುತ್ತೆ, ಕಷ್ಟದ ಕೆಲಸ ಅಂದರೆ ಇಳಿಯುವುದು ಇನ್ನೂ ಬಾಕಿ ಇರುತ್ತೆ. ಹಾಗಾಗಿ ಸೂರ್ಯಾಸ್ತದ ಪ್ಲಾನ್ ಮಾಡುವಾಗ ನಾನು ಮೊದಲು ಕೇಳುವ ಪ್ರಶ್ನೆ ‘ಎಷ್ಟು ಗಂಟೆಗೆ ಹೊರಡೋಣ’ ಅಂತಲ್ಲ. ‘ಕತ್ತಲಾದಾಗ ಎಲ್ಲಿರುತ್ತೇವೆ’ ಅಂತ. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿದದ್ದನ್ನು ಹಿಂದಕ್ಕೆ ಎಣಿಸಿಕೊಂಡು ಬಂದರೆ ಆಯಿತು.

ಈಗ ತಮ್ಮನ ಮಾತುಗಳನ್ನು ಒಂದೊಂದಾಗಿ ತೆಗೆದುಕೊಳ್ಳೋಣ.

‘ಸೂರ್ಯ ಮುಳುಗಿದ ಮೇಲೆ ಒಂದು ಗಂಟೆ ಬೆಳಕಿರುತ್ತೆ.’ ಇಂಗ್ಲೆಂಡಿನಲ್ಲೋ ನಾರ್ವೆಯಲ್ಲೋ ಆಗಿದ್ದರೆ ಬೇಸಿಗೆಯಲ್ಲಿ ಈ ಮಾತು ನಿಜವಾಗುತ್ತಿತ್ತು. ಅಲ್ಲಿ ಸೂರ್ಯ ಓರೆಯಾಗಿ, ದಿಗಂತವನ್ನು ಸವರಿಕೊಂಡು ಇಳಿಯುತ್ತಾನೆ. ನಾವು ಭೂಮಧ್ಯರೇಖೆಗೆ ಹತ್ತಿರ ಇದ್ದೇವೆ, ಕೊಡಚಾದ್ರಿ ಇರುವುದು ಸುಮಾರು 14 ಡಿಗ್ರಿ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೇರವಾಗಿ ಕೆಳಗೆ ಬೀಳುತ್ತಾನೆ. ಟಾರ್ಚ್ ಇಲ್ಲದೆ ಕಾಲಿಡುವ ಜಾಗ ಕಾಣಿಸುವಷ್ಟು ಮುಸ್ಸಂಜೆ ಬೆಳಕು ನಮ್ಮಲ್ಲಿ ಇರುವುದು 22ರಿಂದ 24 ನಿಮಿಷ, ಅಷ್ಟೇ. ಅದೂ ಬಯಲಿನಲ್ಲಿ. ಮರಗಳ ಕೆಳಗೆ ಹೋದರೆ ಹತ್ತೇ ನಿಮಿಷದಲ್ಲಿ ಕತ್ತಲು. ಕೊಡಚಾದ್ರಿಯ ಮೇಲ್ಭಾಗದಲ್ಲಿ ಹುಲ್ಲುಗಾವಲು ಇದೆ, ಸ್ವಲ್ಪ ಕೆಳಗೆ ಇಳಿದರೆ ದಟ್ಟ ಕಾಡು. ಅಂದರೆ ಬೆಳಕು ಇರುವಷ್ಟು ಹೊತ್ತು ನೀವು ಸುಲಭದ ಬಯಲಲ್ಲಿರುತ್ತೀರಿ. ಬೆಳಕು ಹೋಗುವ ಹೊತ್ತಿಗೆ ಸರಿಯಾಗಿ ಕಾಡಿನ ಬೇರು-ಕಲ್ಲಿನ ದಾರಿಗೆ ಬಂದಿರುತ್ತೀರಿ.

‘ಬೆಟ್ಟದ ಮೇಲೆ ಸೂರ್ಯ ತಡವಾಗಿ ಮುಳುಗುತ್ತಾನೆ.’ ಇದು ನಿಜ. ಎತ್ತರಕ್ಕೆ ಹೋದಷ್ಟೂ ದಿಗಂತ ಕೆಳಗೆ ಸರಿಯುತ್ತೆ. ಆದರೆ ಕೊಡಚಾದ್ರಿಯ ಎತ್ತರಕ್ಕೆ ಸಿಗುವ ಲಾಭ ನಾಲ್ಕೈದು ನಿಮಿಷ. ಅದನ್ನು ಮಂಜು-ಧೂಳು ವಾಪಸ್ ಕಿತ್ತುಕೊಳ್ಳುತ್ತೆ. ಡಿಸೆಂಬರ್‌ನಲ್ಲಿ ಸಮುದ್ರದ ಮೇಲೆ ಮಬ್ಬಿನ ಒಂದು ಪಟ್ಟಿ ಇರುವುದು ಸಾಮಾನ್ಯ. ಎಷ್ಟೋ ಸಲ ಸೂರ್ಯ ದಿಗಂತ ಮುಟ್ಟುವುದೇ ಇಲ್ಲ. ಅದಕ್ಕಿಂತ ಹತ್ತು ನಿಮಿಷ ಮೊದಲೇ ಕೆಂಪಗೆ, ಆಮೇಲೆ ಬೂದಾಗಿ, ಆ ಪಟ್ಟಿಯೊಳಗೆ ಕರಗಿಬಿಡುತ್ತಾನೆ. ಕಾದು ಕೂತವರು ‘ಅಯ್ಯೋ, ಇಷ್ಟೇನಾ’ ಅನ್ನುತ್ತಾರೆ.

ಬೆರಳಿನ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ನಂಬಿಕೊಂಡವರು ತುಂಬಾ ಜನ ಸಿಗುತ್ತಾರೆ. ಕೈ ನೀಟಾಗಿ ಮುಂದೆ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ದಿಗಂತಕ್ಕೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತೆ ಅಂತ ನೋಡುವುದು. ಒಂದು ಬೆರಳಿಗೆ 15 ನಿಮಿಷ, ನಾಲ್ಕು ಬೆರಳಿಗೆ ಒಂದು ಗಂಟೆ ಅಂತ ಹೇಳುತ್ತಾರೆ. ಇದೂ ಚಳಿದೇಶಗಳ ಲೆಕ್ಕವೇ. ಚಾಚಿದ ಕೈಯ ನಾಲ್ಕು ಬೆರಳು ಆಕಾಶದಲ್ಲಿ ಸುಮಾರು 7 ಡಿಗ್ರಿ ಅಗಲ. ನಮ್ಮ ಊರಿನ ಸೂರ್ಯ ಸಂಜೆ ಹೊತ್ತು ಗಂಟೆಗೆ ಹತ್ತಿರ ಹತ್ತಿರ 14 ಡಿಗ್ರಿ ಇಳಿಯುತ್ತಾನೆ. ಅಂದರೆ ನಾಲ್ಕು ಬೆರಳಿಗೆ ಇಲ್ಲಿ ಅರ್ಧ ಗಂಟೆ, ಒಂದು ಬೆರಳಿಗೆ ಏಳೆಂಟು ನಿಮಿಷ. ಒಂದು ಗಂಟೆ ಇದೆ ಅಂದುಕೊಂಡವನ ಹತ್ತಿರ ಅರ್ಧ ಗಂಟೆ ಇರುತ್ತೆ. ಬೇಕಾದರೆ ನಿಮ್ಮ ಮನೆಯ ತಾರಸಿಯಲ್ಲೇ ಒಂದು ಸಂಜೆ ಗಡಿಯಾರ ಹಿಡಿದು ತಮ್ಮನಿಂದಲೇ ಪರೀಕ್ಷೆ ಮಾಡಿಸಿ. ನನ್ನ ಮಾತಿಗಿಂತ ಅದು ಹೆಚ್ಚು ಕೆಲಸ ಮಾಡುತ್ತೆ.

‘ಇಳಿಯಲು ಅರ್ಧ ಸಮಯ ಸಾಕು.’ ಟಾರು ರಸ್ತೆಯಲ್ಲಿ, ಹಗಲಲ್ಲಿ, ಇಪ್ಪತ್ತೈದು ವರ್ಷದವನಿಗೆ ಸಾಕಾಗಬಹುದು. ಹತ್ತುವುದಕ್ಕೆ ಒಂದು ಹಳೆಯ ಸೂತ್ರ ಇದೆ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ ಕೊಟ್ಟದ್ದು: 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ನಿಮ್ಮ ದಾರಿಯನ್ನು ಅಂದಾಜಿಗೆ 8 ಕಿಲೋಮೀಟರ್, 700 ಮೀಟರ್ ಏರಿಕೆ ಅಂತ ಇಟ್ಟುಕೊಂಡರೆ ಎರಡೂ ಮುಕ್ಕಾಲು ಗಂಟೆ ಬರುತ್ತೆ. ಇದು ಎಲ್ಲೂ ನಿಲ್ಲದೆ ನಡೆಯುವ ಗಟ್ಟಿ ಆಸಾಮಿಯ ಲೆಕ್ಕ. ಮಗಳು, ಮಾವ, ಫೋಟೋ, ನೀರು, ದಾರಿಯಲ್ಲಿ ಒಂದು ನಿಲುಗಡೆ ಎಲ್ಲ ಸೇರಿದರೆ ನಾಲ್ಕು ಗಂಟೆ ಸರಿಯಾದ ಅಂದಾಜು. ಅಲ್ಲಿಯವರೆಗೆ ತಮ್ಮ ಹೇಳಿದ್ದು ಸರಿ. ಇಳಿಯುವಾಗ ನನ್ನ ಲೆಕ್ಕ ಬೇರೆ. ನಮ್ಮ ಮಲೆನಾಡಿನ ದಾರಿಗಳಲ್ಲಿ ಸಡಿಲ ಜಂಬಿಟ್ಟಿಗೆ ಕಲ್ಲು, ಮರದ ಬೇರು, ಡಿಸೆಂಬರ್‌ನ ಒಣಹುಲ್ಲು ಇರುತ್ತವೆ. ಒಣಹುಲ್ಲು ಎಣ್ಣೆ ಸುರಿದ ನೆಲದ ಹಾಗೆ ಜಾರುತ್ತೆ. ಹಗಲಲ್ಲಿ ಇಳಿಯಲು ಹತ್ತಿದ ಸಮಯದ ಮುಕ್ಕಾಲು ಪಾಲು ಬೇಕು. ಕತ್ತಲಲ್ಲಿ ಅದರ ಮೇಲೆ ಇನ್ನರ್ಧ ಸೇರಿಸಬೇಕು.

ಈಗ ಕೂಡಿಸಿ ನೋಡಿ. ಒಂದು ಗಂಟೆಗೆ ಹೊರಟು ಐದಕ್ಕೆ ಮೇಲೆ. ಡಿಸೆಂಬರ್ ಕೊನೆಯ ವಾರ ಅಲ್ಲಿ ಸೂರ್ಯಾಸ್ತ 6:10ರ ಆಸುಪಾಸು. ಎಲ್ಲರೂ ಎದ್ದು, ಬ್ಯಾಗು ಹಾಕಿ, ಕೊನೆಯ ಸೆಲ್ಫಿ ತೆಗೆದು ಹೊರಡುವಾಗ ಆರೂವರೆ. ಹಗಲಲ್ಲಿ ಮೂರು ಗಂಟೆಯ ಇಳಿಜಾರು, ಕತ್ತಲಲ್ಲಿ ನಾಲ್ಕೂವರೆ. ಕೆಳಗೆ ಬರುವಾಗ ರಾತ್ರಿ ಹನ್ನೊಂದು. ಅದೂ ಯಾರ ಕಾಲೂ ಉಳುಕದಿದ್ದರೆ, ದಾರಿ ತಪ್ಪದಿದ್ದರೆ. ಮೊಬೈಲ್ ಬ್ಯಾಟರಿ ಆ ಹೊತ್ತಿಗೆ ಏನಾಗಿರುತ್ತೆ ಅಂತ ನೀವೇ ಯೋಚಿಸಿ. ದಿನವಿಡೀ ಫೋಟೋ ತೆಗೆದಿರುತ್ತೀರಿ, ಕಾಡಿನಲ್ಲಿ ಸಿಗ್ನಲ್ ಹುಡುಕಿ ಹುಡುಕಿ ಫೋನ್ ತಾನೇ ಅರ್ಧ ಬ್ಯಾಟರಿ ತಿಂದಿರುತ್ತೆ.

ಇಷ್ಟೆಲ್ಲಕ್ಕಿಂತ ಮೊದಲು ಹೇಳಬೇಕಾದ ಮಾತೊಂದಿದೆ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗೆ ಇದೆ. ಅಲ್ಲಿಗೆ ಹೋಗಿಬರಲು ಅರಣ್ಯ ಇಲಾಖೆಯ ಸಮಯ ಇರುತ್ತೆ, ಕತ್ತಲಾದ ಮೇಲೆ ಕಾಡಿನ ದಾರಿಯಲ್ಲಿ ಚಾರಣಕ್ಕೆ ಅನುಮತಿ ಇಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ರಾಜ್ಯದಲ್ಲಿ ಚಾರಣದ ನಿಯಮಗಳು ಬಿಗಿಯಾದವು. ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿಕೊಂಡು ಹೋಗುವ ಪದ್ಧತಿ ಬಂತು. ಸಮಯ, ಶುಲ್ಕ, ತೆರೆದಿರುವ ದಾರಿ ಇವೆಲ್ಲ ಬದಲಾಗುತ್ತಾ ಇರುತ್ತವೆ. ಕೆಲವರು ಈ ನಿಯಮವನ್ನು ಕಿರಿಕಿರಿ ಅಂದುಕೊಳ್ಳುತ್ತಾರೆ. ನಾನು ಹಾಗೆ ನೋಡುವುದಿಲ್ಲ. ಮುಸ್ಸಂಜೆ ಅಂದರೆ ಕಾಡಿನಲ್ಲಿ ಪಾಳಿ ಬದಲಾಗುವ ಹೊತ್ತು. ಕಾಟಿಗಳು ಹುಲ್ಲಿಗೆ ಹೊರಬರುತ್ತವೆ. ಗುಳಿಮಂಡಲ ಹಾವುಗಳು ರಾತ್ರಿ ಹೊತ್ತು ಚುರುಕು, ಎಲೆಯ ಬಣ್ಣಕ್ಕೂ ಅವಕ್ಕೂ ವ್ಯತ್ಯಾಸ ಕಾಣದು, ಹೆಜ್ಜೆ ಸಪ್ಪಳಕ್ಕೆ ಸರಿದು ಹೋಗುವುದೂ ಕಡಿಮೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಹಗ್ಗ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಭಾಗವನ್ನು ಅಲ್ಲಾಡಿಸದೆ ಬೇಗ ಆಸ್ಪತ್ರೆ ಸೇರಿಸಬೇಕು. ‘ಬೇಗ’ ಅನ್ನುವುದು ರಾತ್ರಿ ಒಂಬತ್ತು ಗಂಟೆಗೆ, ನಾಲ್ಕು ಕಿಲೋಮೀಟರ್ ಕಾಡಿನೊಳಗೆ, ಹೊತ್ತುಕೊಂಡು ಬರಬೇಕಾದಾಗ ಆಗದ ಮಾತು.

ನಿಮ್ಮ ಮಾವನವರ ಬಗ್ಗೆ. ದಿನಾ ಐದು ಕಿಲೋಮೀಟರ್ ನಡೆಯುವವರು ಅಂದರೆ ಸಂತೋಷ, ಹತ್ತುವುದಕ್ಕೆ ಅವರು ನಿಮ್ಮ ತಮ್ಮನ ಸ್ನೇಹಿತರಿಗಿಂತ ಗಟ್ಟಿ ಇದ್ದರೂ ಆಶ್ಚರ್ಯವಿಲ್ಲ. ಆದರೆ ಪಾರ್ಕಿನ ಸಮತಟ್ಟು ನೆಲದಲ್ಲಿ ಇಳಿಯುವ ಅಭ್ಯಾಸ ಆಗುವುದಿಲ್ಲ. ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ಮೈಭಾರವನ್ನು ತಡೆಯುವುದು ತೊಡೆಯ ಮುಂಭಾಗದ ಸ್ನಾಯು ಮತ್ತು ಮಂಡಿ. ಎರಡು ಗಂಟೆ ಇಳಿದ ಮೇಲೆ ಅವು ನಡುಗಲು ಶುರುವಾಗುತ್ತವೆ. ವಯಸ್ಸಾದಂತೆ ಕಣ್ಣು ಕತ್ತಲಿಗೆ ಹೊಂದಿಕೊಳ್ಳುವುದೂ ನಿಧಾನ. ಎದುರಿನಿಂದ ಯಾರೋ ಟಾರ್ಚ್ ಬಿಟ್ಟರೆ ಆಮೇಲೆ ತುಂಬಾ ಹೊತ್ತು ಏನೂ ಕಾಣುವುದಿಲ್ಲ. ಇನ್ನು ಶುಗರ್ ಮಾತ್ರೆ. ಕೆಲವು ಬಗೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಗಂಟೆಗಟ್ಟಲೆ ಹತ್ತಿ ಇಳಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಬೆವರು, ನಡುಕ, ಮಂಕು, ಸುಮ್ನೆ ಸಿಟ್ಟು ಬರುವುದು, ಇವೇ ಲಕ್ಷಣ. ಕತ್ತಲಲ್ಲಿ ಇದನ್ನು ‘ಸುಸ್ತಾಗಿದೆ’ ಅಂತ ಎಲ್ಲರೂ ತಳ್ಳಿಹಾಕುತ್ತಾರೆ. ಹೊರಡುವ ವಾರ ಮೊದಲು ಅವರ ಡಾಕ್ಟರನ್ನು ಕೇಳಿ: ಆ ದಿನ ಮಾತ್ರೆ ಎಷ್ಟು, ಯಾವಾಗ, ನಡುವೆ ಏನು ತಿನ್ನಬೇಕು. ಇದನ್ನು ಹಗಲು ಚಾರಣಕ್ಕೂ ಕೇಳಲೇಬೇಕು.

ಹಾಗಾದರೆ ಏನು ಮಾಡಬಹುದು?

ನಿಮ್ಮ ಜಾಗದಲ್ಲಿ ನಾನಿದ್ದರೆ ಪ್ಲಾನನ್ನು ತಲೆಕೆಳಗು ಮಾಡುತ್ತಿದ್ದೆ. ಕೊಡಚಾದ್ರಿಯನ್ನು ಬೆಳಿಗ್ಗೆ ಮುಗಿಸಿ, ಸೂರ್ಯಾಸ್ತವನ್ನು ಸಮುದ್ರದ ಹತ್ತಿರಕ್ಕೆ ಒಯ್ಯುತ್ತಿದ್ದೆ. ದರ್ಶನವನ್ನು ಹಿಂದಿನ ಸಂಜೆಯೇ ಮಾಡಿಕೊಳ್ಳಿ. ಮರುದಿನ ಬೆಳಿಗ್ಗೆ ಚೆಕ್‌ಪೋಸ್ಟ್ ತೆರೆದ ಕೂಡಲೇ ನಡೆಯಲು ಶುರುಮಾಡಿದರೆ ಮಧ್ಯಾಹ್ನಕ್ಕೆ ಮುಂಚೆ ತುದಿಯ ಸರ್ವಜ್ಞ ಪೀಠದಲ್ಲಿರುತ್ತೀರಿ. ಕಟ್ಟಿಕೊಂಡು ಹೋದ ಬುತ್ತಿ ತಿಂದು ಇಳಿದರೆ ಮೂರೂವರೆಗೆ ಕೆಳಗೆ. ಅಲ್ಲಿಂದ ಕೊಲ್ಲೂರಿನ ಮೇಲೆ ಬೈಂದೂರಿಗೆ ಹೋಗಿ. ಬೈಂದೂರಿನ ಪಕ್ಕದಲ್ಲಿ ಒತ್ತಿನೆಣೆ ಅಂತ ಸಣ್ಣ ಗುಡ್ಡ ಇದೆ, ವಾಹನ ಹೋಗುತ್ತೆ, ಎದುರಿಗೆ ಪೂರ್ತಿ ಸಮುದ್ರ. ಕೆಳಗೆ ಸೋಮೇಶ್ವರ ದೇವಸ್ಥಾನದ ಕಡಲತೀರ. ಬೆಳಿಗ್ಗೆ ನೀವು ಮೇಲಿನಿಂದ ನೋಡಿದ್ದ ಅದೇ ಸಮುದ್ರ. ಮಾವನವರು ಕುರ್ಚಿ ಹಾಕಿಕೊಂಡು ಕೂರಬಹುದು, ಮಗಳು ಕಡಲೆಕಾಯಿ ತಿನ್ನಬಹುದು. ಇನ್ನಷ್ಟು ದಕ್ಷಿಣಕ್ಕೆ ಹೋಗುವ ಮನಸ್ಸಿದ್ದರೆ ಮರವಂತೆ. ಅಲ್ಲಿ ಹೆದ್ದಾರಿಯ ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಆ ನದಿ ಹುಟ್ಟುವುದೇ ಕೊಡಚಾದ್ರಿಯ ಮಡಿಲಲ್ಲಿ.

‘ಆದರೆ ಶಿಖರದಲ್ಲೇ ನೋಡಬೇಕು’ ಅಂತ ತಮ್ಮ ಹಟ ಹಿಡಿಯುತ್ತಾನೆ, ಗೊತ್ತು. ಅದಕ್ಕೂ ದಾರಿ ಇದೆ. ಜೀಪಿನಲ್ಲಿ ಮೇಲಿನ ದೇವಸ್ಥಾನದವರೆಗೆ ಹೋಗಬಹುದು. ಕೊನೆಯ ಭಾಗದ ರಸ್ತೆ ಎಲುಬು ಎಣಿಸುವ ಹಾಗಿದೆ, ಸೊಂಟ ನೋವಿದ್ದವರು ಎರಡು ಸಲ ಯೋಚಿಸಬೇಕು. ದೇವಸ್ಥಾನದಿಂದ ಸರ್ವಜ್ಞ ಪೀಠಕ್ಕೆ ಸುಮಾರು ಮುಕ್ಕಾಲು ಗಂಟೆಯ ಏರು. ಜೀಪಿನವರು ಸಾಮಾನ್ಯವಾಗಿ ಮೇಲೆ ಒಂದಿಷ್ಟು ಹೊತ್ತು ಮಾತ್ರ ಕಾಯುತ್ತಾರೆ, ಅವರಿಗೂ ಗೇಟಿನ ಸಮಯ ಇರುತ್ತೆ. ಹಾಗಾಗಿ ಹತ್ತುವ ಮೊದಲೇ ‘ಎಷ್ಟು ಗಂಟೆಗೆ ವಾಪಸ್ ಹೊರಡಬೇಕು’ ಅಂತ ಡ್ರೈವರ್ ಹತ್ತಿರ ಮಾತಾಡಿಕೊಳ್ಳಿ. ಅವರು ಹೇಳಿದ ಹೊತ್ತು ಸೂರ್ಯಾಸ್ತಕ್ಕಿಂತ ಮುಂಚೆ ಇದ್ದರೆ ಜಾಸ್ತಿ ದುಡ್ಡು ಕೊಟ್ಟು ಒಪ್ಪಿಸಲು ಹೋಗಬೇಡಿ. ಆ ರಸ್ತೆಯನ್ನು ಕತ್ತಲಲ್ಲಿ ಇಳಿಯುವುದು ಅವರಿಗೂ ಇಷ್ಟವಿಲ್ಲದ ಕೆಲಸ.

ಹೀಗೆ ಮಾಡಿದರೆ ಸೂರ್ಯ ಮುಳುಗುವ ಕ್ಷಣ ತಪ್ಪುತ್ತೆ ಅಲ್ವಾ ಅಂದರೆ, ತಪ್ಪಬಹುದು. ಆದರೆ ಬೆಟ್ಟದಲ್ಲಿ ನೋಡಬೇಕಾದದ್ದು ಆ ಕೊನೆಯ ಕ್ಷಣವೇ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಬೆಳಕು ಓರೆಯಾಗಿ ಬಿದ್ದು ಪ್ರತಿ ಗುಡ್ಡದ ಮಡಿಕೆಯೂ ಬೇರೆ ಬೇರೆಯಾಗಿ ಎದ್ದು ಕಾಣುತ್ತೆ. ಒಣಹುಲ್ಲು ಹೊಂಬಣ್ಣಕ್ಕೆ ತಿರುಗುತ್ತೆ. ಒಂದರ ಹಿಂದೆ ಒಂದು ಬೆಟ್ಟದ ಸಾಲು ನೀಲಿಯಾಗುತ್ತಾ ಹೋಗುವುದು ಆಗಲೇ. ಶಿಖರದಿಂದ ಮಾತ್ರ ಸಿಗುವ ನೋಟ ಇದು. ಸೂರ್ಯನ ಬಿಂಬ ನೀರಿಗಿಳಿಯುವುದು ಕಡಲತೀರದಲ್ಲೂ ಸಿಗುತ್ತೆ. ಐದು ಗಂಟೆಗೆ ಪೀಠದಲ್ಲಿದ್ದು, ಐದೂಕಾಲಿಗೆ ಇಳಿಯಲು ಶುರುಮಾಡಿ, ದಾರಿಯಲ್ಲಿ ಪಶ್ಚಿಮಕ್ಕೆ ತೆರೆದ ಹುಲ್ಲಿನ ಇಳಿಜಾರಿನಲ್ಲಿ ಹತ್ತು ನಿಮಿಷ ನಿಂತರೆ ಮುಕ್ಕಾಲು ಪಾಲು ಸಿಕ್ಕಿತು. ಸೂರ್ಯಾಸ್ತಕ್ಕೆ ಬೇಕಾಗಿರುವುದು ಪಶ್ಚಿಮಕ್ಕೆ ಮುಖ ಮಾಡಿದ ಒಂದು ತೆರೆದ ಜಾಗ, ತುದಿಯೇ ಆಗಬೇಕಿಲ್ಲ. ಇನ್ನೊಂದು ವಿಷಯ: ಡಿಸೆಂಬರ್‌ನಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ. ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಮಾರ್ಚಿನಲ್ಲಿ ಯಾರೋ ತೆಗೆದ ಫೋಟೋ ನೋಡಿ ‘ಇದೇ ಬಂಡೆ ಮೇಲೆ ಕೂರೋಣ’ ಅಂತ ಹೋದರೆ ನಡುವೆ ಗುಡ್ಡ ಅಡ್ಡ ಬಂದಿರಬಹುದು.

ನಿಜವಾದ ಪೂರ್ತಿ ಸೂರ್ಯಾಸ್ತ ಬೇಕು ಅಂದರೆ ರಾತ್ರಿ ಮೇಲೆಯೇ ಉಳಿಯಬೇಕು. ನನ್ನ ಪ್ರಕಾರ ಸೂರ್ಯಾಸ್ತದ ಚಾರಣಕ್ಕೆ ಅತಿ ಒಳ್ಳೆಯ ವ್ಯವಸ್ಥೆ ಇದೇ. ಕೊಡಚಾದ್ರಿಯ ಮೇಲೆ ದೇವಸ್ಥಾನದ ಸುತ್ತ ಸರಳವಾಗಿ ಉಳಿಯುವ ರೂಢಿ ಹಿಂದಿನಿಂದ ಇದೆ. ಆದರೆ ನೀವು ಹೋಗುವ ದಿನಕ್ಕೆ ಅನುಮತಿ ಇದೆಯಾ ಅನ್ನುವುದನ್ನು ಅರಣ್ಯ ಇಲಾಖೆಯಿಂದಲೇ ಖಚಿತ ಮಾಡಿಕೊಳ್ಳಿ. ಯಾರೋ ‘ನಡೆಯುತ್ತೆ ಬನ್ನಿ’ ಅಂದ ಮಾತ್ರಕ್ಕೆ ಹೊರಡಬೇಡಿ. ಅನುಮತಿ ಸಿಕ್ಕರೆ ಪೀಠದಿಂದ ಉಳಿಯುವ ಜಾಗಕ್ಕೆ ಮುಕ್ಕಾಲು ಗಂಟೆಯ ಇಳಿಜಾರು ಮಾತ್ರ ಬಾಕಿ. ಆಗ ಸೂರ್ಯ ಮುಳುಗಿದ ಮೇಲೂ ಹತ್ತು-ಹದಿನೈದು ನಿಮಿಷ ಕೂರಬಹುದು. ಅದು ಬೇಕೇ ಬೇಕು. ಏಕೆಂದರೆ ಎತ್ತರದ ತೆಳು ಮೋಡಗಳಿಗೆ ಕೆಂಪು, ನೇರಳೆ ಬಣ್ಣ ಹತ್ತುವುದು ಸೂರ್ಯ ಕಣ್ಮರೆಯಾದ ಮೇಲೆ. ಮೋಡ ಇದ್ದರೆ ಸೂರ್ಯಾಸ್ತ ಹಾಳು ಅನ್ನುವುದು ತಪ್ಪು ತಿಳಿವಳಿಕೆ. ಪೂರಾ ನಿರ್ಮಲ ಆಕಾಶದಲ್ಲಿ ಕಿತ್ತಳೆ ಬಿಂಬವೊಂದು ಇಳಿದು ಮುಗಿಯುತ್ತೆ, ಅಷ್ಟೇ. ಗುಂಪಿನಲ್ಲಿ ಒಬ್ಬರಾದರೂ ‘ಇನ್ನೈದು ನಿಮಿಷ’ ಅನ್ನುವುದು ಈ ಬಣ್ಣಗಳು ಬರುವಾಗಲೇ. ನಾಲ್ಕು ಗಂಟೆಯ ದಾರಿ ಬಾಕಿ ಇದ್ದವರಿಗೆ ಆ ಐದು ನಿಮಿಷ ತುಂಬಾ ದುಬಾರಿ.

ಬೇರೆ ಊರು ಆದೀತು ಅನ್ನುವುದಾದರೆ ಆಗುಂಬೆಯ ಸೂರ್ಯಾಸ್ತದ ಜಾಗ ಘಾಟಿ ರಸ್ತೆಯ ಬದಿಯಲ್ಲೇ ಇದೆ, ನಡೆಯುವುದೇ ಇಲ್ಲ. ಮುಳ್ಳಯ್ಯನಗಿರಿಯಲ್ಲಿ ವಾಹನ ತುಂಬಾ ಮೇಲಿನವರೆಗೆ ಹೋಗುತ್ತೆ, ಆಮೇಲೆ ಮೆಟ್ಟಿಲು. ರಾಜ್ಯದ ಅತಿ ಎತ್ತರದ ಶಿಖರ ಹತ್ತಿದ ಸಮಾಧಾನವೂ ಸಿಗುತ್ತೆ. ಅಲ್ಲಿ ವಾಹನಗಳಿಗೆ ಸಮಯದ ಮಿತಿ ಇದೆ, ಮೊದಲೇ ವಿಚಾರಿಸಿ. ಹಂಪಿಯ ಹೇಮಕೂಟ ಬೆಟ್ಟ ಅಂತೂ ವಯಸ್ಸಾದವರಿಗೂ ಹತ್ತಲು ಸುಲಭ, ಇಳಿದರೆ ಹತ್ತು ನಿಮಿಷಕ್ಕೆ ಊರು. ಇವೆಲ್ಲದರಲ್ಲೂ ನಾನು ನೋಡುವುದು ಒಂದೇ: ಸೂರ್ಯ ಮುಳುಗಿದ ಇಪ್ಪತ್ತು ನಿಮಿಷದೊಳಗೆ ರಸ್ತೆಗೋ ಸೂರಿಗೋ ತಲುಪಬಹುದಾ?

ತಿಂಗಳಿನ ಆಯ್ಕೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ತುದಿಗಳು ಮೋಡದೊಳಗೆ ಇರುತ್ತವೆ. ಫೆಬ್ರವರಿ ಕಳೆದ ಮೇಲೆ ಮಬ್ಬು ಮತ್ತು ಹೊಗೆ, ಕಾಡ್ಗಿಚ್ಚಿನ ಭಯಕ್ಕೆ ಹಲವು ದಾರಿಗಳು ಮುಚ್ಚಿರುತ್ತವೆ. ಅಕ್ಟೋಬರ್‌ನಲ್ಲಿ ಗಾಳಿ ತೊಳೆದಿಟ್ಟ ಹಾಗೆ ಸ್ವಚ್ಛ, ಆದರೆ ಮಧ್ಯಾಹ್ನದ ಮೇಲೆ ಗುಡುಗು. ಏಪ್ರಿಲ್-ಮೇ ತಿಂಗಳಲ್ಲೂ ಅದೇ ಕಥೆ. ಸಂಜೆ ಹೊತ್ತು ಬೋಳು ತುದಿಯಲ್ಲಿ ನಿಂತಾಗ ಸಿಡಿಲಿನಷ್ಟು ನಾನು ಬೇರೆ ಯಾವುದಕ್ಕೂ ಹೆದರುವುದಿಲ್ಲ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ ಅಂತ ಅರ್ಥ, ತಕ್ಷಣ ತುದಿ ಬಿಟ್ಟು ಇಳಿಯಬೇಕು. ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಸಿಗ್ನಲ್ ಇರುವ ಜಾಗದಲ್ಲಿ ನೋಡಿಕೊಂಡು ಹೊರಡಿ. ಡಿಸೆಂಬರ್ ಕೊನೆ ಈ ಲೆಕ್ಕದಲ್ಲಿ ಒಳ್ಳೆಯ ಸಮಯವೇ. ಒಂದೇ ಕೊರತೆ, ದಿನ ಚಿಕ್ಕದು. ಅತಿ ಬೇಗ ಸೂರ್ಯ ಮುಳುಗುವುದು ಡಿಸೆಂಬರ್ 21ಕ್ಕೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ನಮ್ಮಲ್ಲಿ ಅದು ನವೆಂಬರ್ ಕೊನೆಯಲ್ಲಿ, ಕೊಡಚಾದ್ರಿ ಕಡೆ ಆರು ಗಂಟೆಗೇ. ಜನವರಿ ಕೊನೆಗೆ ಆರೂವರೆಯ ಹತ್ತಿರ ಬಂದುಬಿಡುತ್ತೆ. ಫೋನಿನಲ್ಲಿ ಸಮಯ ನೋಡುವಾಗ ಆ ಜಾಗದ ಹೆಸರು ಹಾಕಿ ನೋಡಿ. ಬೆಂಗಳೂರಿಗೂ ಕೊಡಚಾದ್ರಿಗೂ ಹತ್ತು ನಿಮಿಷದ ವ್ಯತ್ಯಾಸ ಇದೆ.

ಬೆಳದಿಂಗಳನ್ನು ನಂಬಬಹುದಾ ಅಂತಲೂ ಜನ ಕೇಳುತ್ತಾರೆ. ಮನೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ. ಶುಕ್ಲಪಕ್ಷದ ಅಷ್ಟಮಿಯಿಂದ ಹುಣ್ಣಿಮೆವರೆಗೆ ಸೂರ್ಯ ಮುಳುಗುವಾಗ ಚಂದ್ರ ಆಗಲೇ ಆಕಾಶದಲ್ಲಿ ಇರುತ್ತಾನೆ, ಹುಣ್ಣಿಮೆಯಂದು ಪೂರ್ವದಲ್ಲಿ ಆಗಷ್ಟೇ ಏಳುತ್ತಾನೆ. ಹುಣ್ಣಿಮೆ ಕಳೆದ ಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡ. ಬಿದಿಗೆ-ತದಿಗೆಯ ಚಂದ್ರ ನೋಡಲು ದುಂಡಗೇ ಇದ್ದರೂ ನಿಮಗೆ ಬೇಕಾದ ಹೊತ್ತಿಗೆ ಬರುವುದಿಲ್ಲ. ಬಂಡೆ ಬೆಟ್ಟದಲ್ಲಿ, ಬಯಲು ಹುಲ್ಲಿನಲ್ಲಿ ಬೆಳದಿಂಗಳು ನಿಜಕ್ಕೂ ಸಹಾಯ. ಕಾಡಿನ ಚಪ್ಪರದ ಕೆಳಗೆ ಅದರಿಂದ ತೊಂದರೆಯೇ ಜಾಸ್ತಿ, ನೆಲದ ಮೇಲೆ ಚುಕ್ಕೆ ಚುಕ್ಕೆ ಬೆಳಕು ಬಿದ್ದು ಕಲ್ಲು ಯಾವುದು, ನೆರಳು ಯಾವುದು ಗೊತ್ತಾಗುವುದಿಲ್ಲ.

ಯಾವ ಪ್ಲಾನ್ ಆರಿಸಿದರೂ ತಲೆಗೊಂದು ಹೆಡ್‌ಲ್ಯಾಂಪ್ ಇರಲಿ, ಏಳು ಜನರಿಗೂ ಬೇರೆ ಬೇರೆ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು, ಇಳಿಯುವಾಗ ಎರಡೂ ಕೈ ಬೇಕು. ಒಂದು ಸಣ್ಣ ಉಪಾಯ: ದಾರಿ ಒರಟಾಗಿದ್ದರೆ ಹೆಡ್‌ಲ್ಯಾಂಪನ್ನು ಹಣೆಯಿಂದ ಬಿಚ್ಚಿ ಸೊಂಟದ ಹತ್ತಿರ ಹಿಡಿಯಿರಿ. ಬೆಳಕು ಕಣ್ಣಿನ ಎತ್ತರದಿಂದಲೇ ಬಂದರೆ ಕಲ್ಲುಗಳ ನೆರಳು ಕಾಣದೆ ನೆಲ ಎಲ್ಲ ಸಮತಟ್ಟಾಗಿ ಕಾಣುತ್ತೆ. ಕೆಳಗಿನಿಂದ ಬಿದ್ದರೆ ಪ್ರತಿ ಕಲ್ಲಿಗೂ ನೆರಳು ಬಂದು ಏರು-ತಗ್ಗು ಗೊತ್ತಾಗುತ್ತೆ. ಮಂಜು ಮುಸುಕಿದಾಗಲೂ ಇದೇ ಉಪಾಯ, ಇಲ್ಲದಿದ್ದರೆ ಬೆಳಕು ಮುಖಕ್ಕೇ ತಿರುಗಿ ಹೊಡೆದು ಬಿಳಿ ಗೋಡೆಯಂತಾಗುತ್ತೆ. ತುದಿ ತಲುಪಿದ ಕೂಡಲೇ ಬೆವರಿದ ಬನಿಯನ್ ಬದಲಿಸಿ ಒಂದು ಗಾಳಿ ತಡೆಯುವ ಜಾಕೆಟ್ ಹಾಕಿಕೊಳ್ಳಿ. ಕರಾವಳಿಗಿಂತ ಅಲ್ಲಿ ಎಂಟೊಂಬತ್ತು ಡಿಗ್ರಿ ಕಡಿಮೆ ಇರುತ್ತೆ, ಸಂಜೆ ಗಾಳಿ ಬೇರೆ. ಮಕ್ಕಳು ‘ಚಳಿ’ ಅಂತ ಹೇಳುವಷ್ಟರಲ್ಲಿ ಆಗಲೇ ನಡುಗುತ್ತಿರುತ್ತಾರೆ.

ತಮ್ಮನ ಜೊತೆ ವಾದ ಮಾಡಬೇಡಿ. ‘ವಾಪಸ್ ಹೊರಡುವ ಗಂಟೆ ಯಾವುದು’ ಅಂತ ಕೆಳಗೆ ನಿಂತಾಗಲೇ ಎಲ್ಲರ ಮುಂದೆ ಕೇಳಿ. ಬೆಳಿಗ್ಗೆ ಹತ್ತುವ ಪ್ಲಾನ್‌ನಲ್ಲಿ ಮಧ್ಯಾಹ್ನ ಹನ್ನೆರಡೂವರೆ ಅಂತ ಇಟ್ಟುಕೊಳ್ಳಿ, ತುದಿ ಮುಟ್ಟಿದ್ದರೂ ಸರಿ, ಇಲ್ಲದಿದ್ದರೂ ಸರಿ, ಆ ಹೊತ್ತಿಗೆ ತಿರುಗುವುದು. ಗಡಿಯಾರ ಮಾವನವರ ಕೈಯಲ್ಲಿ ಇರಲಿ. ಅವರು ‘ಹೊರಡೋಣ’ ಅಂದರೆ ನಿಮ್ಮ ಮನೆಯಲ್ಲಿ ಯಾರೂ ಎದುರು ಮಾತಾಡಲಿಕ್ಕಿಲ್ಲ. ಟಿಕೆಟ್ಟು, ರೂಮು ಬುಕ್ ಮಾಡುವ ಮೊದಲು ಅರಣ್ಯ ಇಲಾಖೆಗೆ ಒಂದು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ಆ ವಾರ ನಾಗೋಡಿ ಕಡೆಯ ದಾರಿ ತೆರೆದಿದೆಯಾ, ಬೆಳಿಗ್ಗೆ ಎಷ್ಟು ಗಂಟೆಗೆ ಒಳಗೆ ಬಿಡುತ್ತಾರೆ, ಸಂಜೆ ಎಷ್ಟರೊಳಗೆ ಹೊರಗಿರಬೇಕು, ಮೇಲೆ ರಾತ್ರಿ ಉಳಿಯಲು ಅನುಮತಿ ಇದೆಯಾ. ವರ್ಷದ ಕೊನೆಯ ವಾರ ಅಲ್ಲಿ ಜನ ಜಾಸ್ತಿ, ಹಾಗಾಗಿ ಈ ಫೋನ್ ತಿಂಗಳು ಮೊದಲೇ ಆಗಲಿ.